ಓಣಿಗೆ ಬೆಳಕು ಕೊಟ್ಟ ರೊಟ್ಟಿಮಣೆ

ನನ್ನ ಮೈದುನ ಚನ್ನವೀರನಿಗೆ ತಲೆ ಇದೆ, ಕೆಲಸವಿಲ್ಲ. ಇಲ್ಲದಿದ್ದರೆ ಅತ್ತಿಗೆ ರೊಟ್ಟಿ ಬಡಿಯುವ ಮಣೆಯ ಅಡಿಗೆ ಯಾರಾದರೂ ಕರೆಂಟು ತಯಾರಿಸುವ ಯಂತ್ರ ಕೂಡಿಸುತ್ತಾರೆಯೇ? ನಮ್ಮ ಬಡಿಗೇರ ಓಣಿಯಲ್ಲಿ ಕರೆಂಟು ಇರುವುದಕ್ಕಿಂತ ಹೋಗಿರುವುದೇ ಹೆಚ್ಚು, ನಿಜ. ಅದಕ್ಕೆ ನನ್ನ ಕೈಯೇ ಬೇಕಿತ್ತೇ?

"ವೈನಿ, ಗಾಳಿ ನಿಲ್ತದ, ಸೂರ್ಯಾ ಮುಳಗ್ತಾನ. ನಿಮ್ಮ ರೊಟ್ಟಿ ನಿಲ್ಲೂದಿಲ್ಲ," ಎಂದು ಓಣಿಯ ಮಂದಿಯ ಮುಂದೆ ಭಾಷಣ ಬಿಗಿದ. ನಾನು ಬಡಿದೆ, ಬಲ್ಬು ಹತ್ತಿತು. ಅಂದೇ ಮನೆಮನೆಗೂ ವೈರು ಎಳೆದ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮರುದಿನ ಕರೆಂಟು ಹೋದಾಗ ಹಿಟ್ಟಿನ ಗಿರಣಿಯ ಗುರಸಿದ್ದಪ್ಪ ಬಂದು, ಜೋಳ ಅರ್ಧಕ್ಕೆ ನಿಂತಿದೆ, ನಿನ್ನ ಕೈಯಲ್ಲಿ ಜೀವವಿಲ್ಲವೇ ಎಂದು ಗೊಣಗಿದ. ನನ್ನ ಸಿಟ್ಟನ್ನೆಲ್ಲ ಹಿಟ್ಟಿನ ಮೇಲೆ ತೀರಿಸಿಕೊಂಡೆ. ಗಿರಣಿ ಗರಗರ ತಿರುಗಿತು! ನಾನು ಸಿಟ್ಟಾದಷ್ಟೂ ಕರೆಂಟು ಹೆಚ್ಚು ಎಂಬ ಸುದ್ದಿ ಸಂಜೆಯೊಳಗೆ ಓಣಿಗೆಲ್ಲ ಹರಡಿತು.

ಆಮೇಲೆ ಶುರುವಾಯಿತು ನೋಡಿ. ಟಿವಿ ನೋಡಬೇಕಾದವರು ಕಿಟಕಿಯಲ್ಲಿ ನಿಂತು ನನ್ನ ತವರುಮನೆಯನ್ನು ಆಡಿಕೊಂಡರು. ನೀರಿನ ಪಂಪು ನಡೆಸಬೇಕಾದವರು ನನ್ನ ಮೂಗು, ನಡಿಗೆ ಏನನ್ನೂ ಬಿಡಲಿಲ್ಲ. ನಮ್ಮ ಯಜಮಾನರೇ ಫೋನು ಚಾರ್ಜು ಮಾಡಿಕೊಳ್ಳಲು, ನನ್ನ ಸಾರು ಅವರ ಅವ್ವನ ಸಾರಿನಂತಿಲ್ಲ ಎಂದರು. ಮಣೆ ಬದಲಿಸಿದರೆ ಅದರ ಅಡಿಗೂ ಯಂತ್ರ ಬಂದು ಕೂರುತ್ತಿತ್ತು.

ಅದನ್ನೂ ಸಹಿಸಿದೆ. ಆದರೆ ಊರಿನಲ್ಲಿ ನನ್ನಷ್ಟು ತೆಳುವಾಗಿ ರೊಟ್ಟಿ ಬಡಿಯುವವರಿಲ್ಲ. ನನ್ನ ಹೊಟ್ಟೆ ಹೊರೆಯುವುದು ಆ ಹೆಸರು. ಮಗಳ ಸೀಮಂತಕ್ಕೆ ರೊಟ್ಟಿ ಹೇಳಲು ದ್ಯಾಮವ್ವ ಬಂದು ಕೂತಿದ್ದಳು. ಆಗಲೇ ಕರೆಂಟು ಹೋಗಬೇಕೇ! ಗುರಸಿದ್ದಪ್ಪ ಹೊಸ್ತಿಲಲ್ಲಿ ನಿಂತು ಹೇಳಿದ:

"ನೀಲವ್ವಾ, ನಿನ್ನ ರೊಟ್ಟಿ ಚಪ್ಪಲಿ ಅಟ್ಟಿ ಆದಂಗ ಆಗ್ಯಾವ."

ಮತ್ತೆ ಬರುತ್ತೇನೆಂದು ಎದ್ದುಹೋದ ದ್ಯಾಮವ್ವ ಬರಲೇ ಇಲ್ಲ. ನನ್ನ ಮೈಯೆಲ್ಲ ಉರಿಯಿತು. ಬಡಿದೆ. ಓಣಿಯ ಬಲ್ಬುಗಳು ಒಂದೊಂದಾಗಿ ಸಿಡಿದವು, ಪಂಪು ತೊಟ್ಟಿ ತುಂಬಿಸಿ ಅಂಗಳವನ್ನೂ ತುಂಬಿಸಿತು. ಮಿಕ್ಕ ಕರೆಂಟು ಕಂಬದ ತಂತಿ ಹಿಡಿದು ಹಿಂದಕ್ಕೆ ಓಡಿ, ವಿದ್ಯುತ್ ಕಚೇರಿಯ ಫ್ಯಾನುಗಳನ್ನೆಲ್ಲ ತಿರುಗಿಸಿತು!

ಕಚೇರಿಯ ಸಾಹೇಬರು ಜೀಪಿನಲ್ಲಿ ಬಂದರು. ಯಂತ್ರ ಕಿತ್ತೊಯ್ಯುತ್ತಾರೆಂದು ನಾನು ಆಸೆಯಿಂದ ಕಾದೆ. ಅವರು ಮಣೆಗೆ ಕೈಮುಗಿದು, ಇಡೀ ಊರಿನ ಲೈನು ತಂದು ಅದಕ್ಕೇ ಜೋಡಿಸಿದರು.

ಈಗ ನನ್ನ ರೊಟ್ಟಿ ತೆಳುವೋ ದಪ್ಪವೋ ಯಾರೂ ಕೇಳುವುದಿಲ್ಲ, ಎಷ್ಟು ಯುನಿಟ್ಟು ಎಂದು ಕೇಳುತ್ತಾರೆ. ನನ್ನ ರೊಟ್ಟಿಯನ್ನು ಹೀಯಾಳಿಸಲೆಂದೇ ಕಚೇರಿಯವರು ಒಬ್ಬ ಗುಮಾಸ್ತನನ್ನು ನೇಮಿಸಿದ್ದಾರೆ. ಸರಕಾರಿ ನೌಕರ, ಹನ್ನೊಂದಕ್ಕೆ ಮೊದಲು ಬರುವುದಿಲ್ಲ. ಅಲ್ಲಿಯವರೆಗೆ ಊರಿನಲ್ಲಿ ಕರೆಂಟಿಲ್ಲ.