ನಲವತ್ತೆಂಟು ಕೋಟು, ಹತ್ತು ಎದೆ

"ನಲವತ್ತೆಂಟು ಜನರ ಅಳತೆ ಯಾಕೆ ಬೇಕು? ಹತ್ತು ಜನರದ್ದು ಸಾಕು. ಉಳಿದ ಮೂವತ್ತೆಂಟು ಜನರನ್ನ ಮನೆಯಲ್ಲಿ ಕೂತೇ ಅಳೆದುಕೊಡ್ತೀನಿ!"

ಹೀಗೆ ಘೋಷಿಸಿದವರು ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದ ಮೇಷ್ಟ್ರು. ಕೇಳಿಸಿಕೊಂಡವಳು, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅವರ ಹೆಂಡತಿ. ಇಷ್ಟು ದಿನ ನೆರೆಹೊರೆಯವರ ಬಟ್ಟೆ ಹೊಲಿಯುತ್ತಿದ್ದವಳಿಗೆ ಮೊದಲ ಸಲ ದೊಡ್ಡ ಕೆಲಸ ಸಿಕ್ಕಿತ್ತು. ಬಿಸ್ಕತ್ತು ಕಾರ್ಖಾನೆಯ ನಲವತ್ತೆಂಟು ಕೆಲಸಗಾರರಿಗೆ ಬಿಳಿ ಕೋಟು! ಸೋಮವಾರ ತಪಾಸಣೆಯವರು ಬರುವಷ್ಟರಲ್ಲಿ ಕೋಟು ಮೈಮೇಲಿರಬೇಕು. ಒಪ್ಪಿಗೆಯಾದರೆ ಪ್ರತಿ ವರ್ಷದ ಹೊಲಿಗೆಯೂ ಅವಳದೇ.

ಅವಳು ಸೂಜಿ ತೆಗೆದು ಹೇಳಿದಳು. "ರೀ, ನಾನೇ ಹೋಗಿ ಎಲ್ಲರದ್ದೂ ಅಳೆದುಕೊಂಡು ಬರ್ತೀನಿ. ಅರ್ಧ ದಿನದ ಕೆಲಸ."

"ಅನ್ನ ಬೆಂದಿದೆಯಾ ನೋಡೋಕೆ ಪಾತ್ರೆಯ ಅಗುಳನ್ನೆಲ್ಲ ಹಿಸುಕ್ತೀಯೇನೇ?"

"ಹಿಸುಕೋಕೆ ಮುಂಚೆ ಸೌಟು ಹಾಕಿ ತಳದಿಂದ ತಿರುವ್ತೀನಿ. ಅದನ್ನ ನಿಮ್ಮ ಪುಸ್ತಕದಲ್ಲಿ ಬರೆದಿಲ್ವಾ?"

ಬರೆದಿತ್ತು. ಮೂರನೇ ಅಧ್ಯಾಯವೇ ಅದು. ಆದರೆ ಹೆಂಡತಿಯ ಬಾಯಿಂದ ಬಂದ ಸತ್ಯವನ್ನು ಯಾವ ಗಂಡ ತಾನೇ ಒಪ್ಪಿದ್ದಾನೆ? ಮೇಷ್ಟ್ರು ಟೇಪನ್ನು ಕೊರಳಿಗೆ ಹಾಕಿಕೊಂಡು, ದಂಡಯಾತ್ರೆಗೆ ಹೊರಟ ದೊರೆಯಂತೆ ಹೊಸ್ತಿಲು ದಾಟಿಯೇಬಿಟ್ಟರು.

ಕಾರ್ಖಾನೆಯ ಒಳಗೆ ಹೋಗಬೇಕಾದರೆ ಚಪ್ಪಲಿ ಬಿಡಬೇಕು, ಟೊಪ್ಪಿ ಹಾಕಬೇಕು, ಕೈ ತೊಳೆಯಬೇಕು, ಪುಸ್ತಕದಲ್ಲಿ ಸಹಿ ಮಾಡಬೇಕು. ಅಷ್ಟರಲ್ಲಿ ಗೇಟಿನ ಪಕ್ಕದ ನೆರಳಲ್ಲಿ ಕೆಲಸಗಾರರೇ ಕೂತಿರುವುದು ಕಣ್ಣಿಗೆ ಬಿತ್ತು. ಎಣಿಸಿದರೆ ಸರಿಯಾಗಿ ಹತ್ತು ಜನ! ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು. ಹತ್ತೂ ಎದೆ ಅಳೆದು ಮೇಷ್ಟ್ರು ಇಪ್ಪತ್ತು ನಿಮಿಷದಲ್ಲಿ ವಾಪಸ್ಸು.

"ಸರಾಸರಿ ನಲವತ್ತಾರು ಇಂಚು! ಅತಿ ಸಣ್ಣದು ನಲವತ್ತೈದು, ಅತಿ ದೊಡ್ಡದು ನಲವತ್ತೇಳು. ಹರವು ಎರಡೇ ಇಂಚು ಕಣೇ! ಎಲ್ಲರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದಾರೆ. ಕಣ್ಣು ಮುಚ್ಚಿ ಒಂದೇ ಅಳತೆಯಲ್ಲಿ ಕತ್ತರಿಸು."

"ನಲವತ್ತಾರಾ? ಅದು ಬಿಸ್ಕತ್ತು ಕಾರ್ಖಾನೆನಾ, ಗರಡಿ ಮನೆನಾ?"

"ಬಿಸ್ಕತ್ತು ತಿಂದು ಬೆಳೆದ ಮೈ."

"ಯಾರ್‍ಯಾರನ್ನ ಅಳೆದಿರಿ?"

"ಯಾರಾದರೇನು? ಕಣ್ಣಿಗೆ ಬಿದ್ದವರನ್ನ! ಚೀಟಿ ಎತ್ತಿದಷ್ಟೇ ನಿಷ್ಪಕ್ಷಪಾತ." ಎಂದವರೇ ಎರಡು ಹಾಳೆ ತುಂಬ ವರ್ಗಮೂಲ, ಭಾಗಾಕಾರ, ಮಾನಕ ವಿಚಲನೆ ಎಲ್ಲ ಬರೆದು ಅವಳ ಮುಂದೆ ಹಿಡಿದರು. ಅಷ್ಟೊಂದು ವರ್ಗಮೂಲ ಕಂಡರೆ ಎಂಥ ಗಟ್ಟಿಗಿತ್ತಿಯೂ ಮೆತ್ತಗಾಗುತ್ತಾಳೆ. ಅವಳು ಕತ್ತರಿ ಎತ್ತಿಕೊಂಡಳು.

ಶುಕ್ರವಾರ ಇಬ್ಬರೂ ಕೋಟಿನ ಗಂಟು ಹೊತ್ತು ಕಾರ್ಖಾನೆಗೆ ಹೋದರು. ಮೊದಲು ಬಂದವಳು ಪ್ಯಾಕಿಂಗ್ ವಿಭಾಗದ ಹುಡುಗಿ. ಕೋಟು ತೊಟ್ಟಳು. ಆಮೇಲೆ ಅವಳು ಕಾಣಿಸಲಿಲ್ಲ! ಕೋಟು ಮಾತ್ರ ನಿಂತಿತ್ತು. ಒಳಗಿನಿಂದ "ಅಕ್ಕಾ, ನನ್ನ ಕೈ ಎಲ್ಲಿ ಹೊರಗೆ ಬರ್ತವೆ?" ಅಂತ ದನಿ ಬಂತು. ಒಲೆಯ ಬಳಿ ಕೆಲಸ ಮಾಡುವ ಬಡಕಲು ಮುದುಕರು ಒಮ್ಮೆ ಸುತ್ತು ತಿರುಗಿದರು. ಅವರು ತಿರುಗಿ ನಿಂತ ಮೇಲೆ ಕೋಟು ನಿಧಾನವಾಗಿ ತಿರುಗಿ ನಿಂತಿತು. ಇಡೀ ಕಾರ್ಖಾನೆಯಲ್ಲಿ ಹತ್ತೇ ಹತ್ತು ಜನಕ್ಕೆ ಕೋಟು ಹೇಳಿ ಮಾಡಿಸಿದ ಹಾಗೆ ಕೂತಿತ್ತು.

"ಇವರು ಸಾಮಾನು ಹೊರುವವರಲ್ವಾ ಮೇಷ್ಟ್ರೇ!" ಮೇಲ್ವಿಚಾರಕರು ಹಣೆ ಚಚ್ಚಿಕೊಂಡರು. "ಲಾರಿ ಬರೋವರೆಗೆ ಗೇಟಿನ ಹತ್ತಿರ ಕೂತಿರ್ತಾರೆ. ದೇಹ ನೋಡಿಯೇ ಆರಿಸಿ ತಗೊಂಡವರು. ಹರವು ಎಲ್ಲಿಂದ ಬರಬೇಕು?"

ಮೇಷ್ಟ್ರು ಇಂಗು ತಿಂದ ಮಂಗನಂತಾದರು. ಹೆಂಡತಿ ಟೇಪು ತೆಗೆದು ಮೂವತ್ತೆಂಟು ಜನರನ್ನೂ ಅಳೆದಳು. ಇಪ್ಪತ್ತೊಂಬತ್ತು ಇಂಚಿನಿಂದ ಹಿಡಿದು ನಲವತ್ತೆರಡರವರೆಗೆ!

ಶನಿವಾರ, ಭಾನುವಾರ ಮನೆಯಲ್ಲಿ ಶಿಕ್ಷೆ ಜಾರಿಯಾಯಿತು. ಹೊಲಿಗೆ ಬಿಚ್ಚುವುದು ಮೇಷ್ಟ್ರ ಪಾಲು, ಒಳಗೆ ಹಿಡಿದು ಮತ್ತೆ ಹೊಲಿಯುವುದು ಅವಳ ಪಾಲು.

"ಐದು ಕೋಟು ಬಿಚ್ಚಿದೆ ನೋಡು. ಒಂದಕ್ಕೆ ಸರಾಸರಿ ಹನ್ನೊಂದು ನಿಮಿಷ. ಅಂದಮೇಲೆ ಉಳಿದ ಮೂವತ್ಮೂರಕ್ಕೆ..."

"ಬಾಯಿ ಮುಚ್ಚಿ, ಹೊಲಿಗೆ ಬಿಚ್ಚಿ!"

ಭಾನುವಾರ ಮಧ್ಯಾಹ್ನ ಅವಳ ಬೆರಳು ಬಾತು ಸೂಜಿ ಹಿಡಿಯಲಾಗದಂತಾಯಿತು. ಬೇರೆ ಗತಿಯಿಲ್ಲದೆ ಕೊನೆಯ ಕೆಲವು ಕೋಟುಗಳ ಗುಂಡಿ ಹೊಲಿಯುವ ಕೆಲಸ ಮೇಷ್ಟ್ರಿಗೆ ಬಂತು.

ಸೋಮವಾರ ಬೆಳಿಗ್ಗೆ ಮೇಲ್ವಿಚಾರಕರು ಗಂಟಿನ ಮೇಲಿದ್ದ ಎರಡು ಕೋಟು ತೆಗೆದು, ಒಳಗೂ ಹೊರಗೂ ತಿರುಗಿಸಿ ನೋಡಿದರು. ಮುಖ ಅರಳಿತು. "ಭೇಷ್ ಅಮ್ಮಾ! ಎರಡು ನೋಡಿದರೆ ಸಾಕು, ಉಳಿದವೂ ಹೀಗೇ ಇರ್ತವೆ. ಒಳಗೆ ತಗೊಂಡು ಹೋಗ್ರಪ್ಪಾ."

"ಬೇಡಿ ಸಾರ್!" ಮೇಷ್ಟ್ರು ಕಿರುಚಿಯೇಬಿಟ್ಟರು. ಎರಡು ದಿನದ ಪಶ್ಚಾತ್ತಾಪ ಅವರನ್ನು ಹೊಸ ಮನುಷ್ಯನನ್ನಾಗಿ ಮಾಡಿತ್ತು. "ಮೇಲಿನ ಎರಡು ನೋಡಿ ನಂಬಬೇಡಿ! ನಲವತ್ತೆಂಟನ್ನೂ ಬಿಡಿಸಿ ನೋಡಿ!"

ಹೆಂಡತಿ ಅವರ ಕಾಲನ್ನು ಬಲವಾಗಿ ತುಳಿದಳು. ತಡವಾಗಿತ್ತು.

ಮೇಲ್ವಿಚಾರಕರು ಒಂದೊಂದನ್ನೇ ಬಿಡಿಸಿದರು. ನಲವತ್ತೇಳು ಕೋಟು ನೆಟ್ಟಗಿದ್ದವು. ನಲವತ್ತೆಂಟನೆಯದು ಎಷ್ಟು ಎಳೆದರೂ ತೆರೆಯಲಿಲ್ಲ. ಐದೂ ಗುಂಡಿಗಳನ್ನು ಕೋಟಿನ ಎದೆ, ಬೆನ್ನು ಎರಡನ್ನೂ ಸೇರಿಸಿ, ಕಬ್ಬಿಣದಂತೆ ಬಿಗಿಯಾಗಿ ಹೊಲಿಯಲಾಗಿತ್ತು!

"ಇದನ್ನ ಯಾರಿಗೆ ಹೊಲಿದಿದ್ದಮ್ಮಾ? ಇದರೊಳಗೆ ಮನುಷ್ಯ ಹೋಗೋದು ಹೇಗೆ?"

ವರ್ಷದ ಕೆಲಸ ಕೈಬಿಟ್ಟೇ ಹೋಯಿತು ಅಂದುಕೊಂಡರು ಮೇಷ್ಟ್ರು. ಅವಳು ಮಾತ್ರ ರೆಪ್ಪೆಯನ್ನೂ ಮಿಟುಕಿಸಲಿಲ್ಲ.

"ಅದು ನಮ್ಮನೆಯವರ ಸರಾಸರಿ ಮನುಷ್ಯನದ್ದು ಸಾರ್. ಅವನು ಯಾವತ್ತೂ ಕೆಲಸಕ್ಕೆ ಬರೋದಿಲ್ಲ, ಕೋಟು ತೆರೆಯದಿದ್ದರೂ ನಡೆಯುತ್ತೆ."

ಮೇಲ್ವಿಚಾರಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಆ ಕೋಟಿನ ಗುಂಡಿ ಬಿಚ್ಚಿ ಸರಿಮಾಡುವಷ್ಟರಲ್ಲಿ, ನಗುತ್ತಲೇ ವರ್ಷದ ಹೊಲಿಗೆಯ ಕಾಗದಕ್ಕೆ ರುಜು ಹಾಕಿದರು. ರುಜುವಿನ ಕೆಳಗೆ ಕೈಯಾರೆ ಒಂದು ಸಾಲು ಸೇರಿಸಿದರು: "ಅಳತೆಗೆ ಅಮ್ಮನವರೇ ಬರತಕ್ಕದ್ದು. ಯಜಮಾನರನ್ನು ಗೇಟಿನ ಒಳಗೆ ಬಿಡತಕ್ಕದ್ದಲ್ಲ."