ವಸುಮತಿಯ ಕಾಗೆ

ಉದ್ದಿನ ಹಿಟ್ಟು ಅರ್ಧ ನುಣ್ಣಗಾಗಿತ್ತು, ಉಳಿದರ್ಧ ಹಠ ಹಿಡಿದಿತ್ತು. ವಸುಮತಿ ಒಂದು ಕೈಯಲ್ಲಿ ಗುಂಡುಕಲ್ಲು ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಹಿಟ್ಟನ್ನು ಒಳಗೆ ತಳ್ಳುತ್ತ ಕೂತಿದ್ದಳು. ಬೋವಿಕಾನದ ಪೇಟೆಯಲ್ಲಿ ಅವಳ ಗಂಡ ಗೌರೀಶಂಕರ ಭಟ್ಟರದು ಒಂದು ಹೋಟೆಲು. ಮನೆಯ ಮುಂಭಾಗ ಹೋಟೆಲು, ಹಿಂಭಾಗ ಸಂಸಾರ, ನಡುವೆ ಒಂದು ಗೋಣಿಯ ಪರದೆ. ಆ ಪರದೆಯ ಆಚೆಯಿಂದ ಭಟ್ಟರು, ನಾಳೆ ಮದುವೆ ದಿಬ್ಬಣದ ಬಸ್ಸು ಇಲ್ಲಿ ನಿಲ್ಲುತ್ತದಂತೆ, ಇನ್ನೊಂದು ಸೇರು ಉದ್ದು ನೆನೆಹಾಕು ಎಂದು ಕೂಗಿ ಹೇಳಿದರು.

ಅದೇ ಹೊತ್ತಿಗೆ ವಸುಮತಿಯ ಹೊಟ್ಟೆಯೊಳಗಿನಿಂದ ಒಂದು ಬಿಸಿ ಎದ್ದು, ಎದೆ ಕುತ್ತಿಗೆ ದಾಟಿ, ಕಿವಿಯ ತುದಿಯಲ್ಲಿ ಬಂದು ನಿಂತಿತು. ಈಚೆಗೆ ಹೀಗಾಗುತ್ತಿತ್ತು. ಒಳಗೆ ಕೂತು ಯಾರೋ ಬಚ್ಚಲೊಲೆಗೆ ತೆಂಗಿನ ಒಣ ಮಡಲು ತುರುಕಿದ ಹಾಗೆ. ಸೆರಗಿನಿಂದ ಮುಖ ಒರೆಸಿ ತಲೆಯೆತ್ತಿದರೆ ಬಾವಿಕಟ್ಟೆಯ ಮೇಲೆ ಒಂದು ಕಾಗೆ ಕೂತಿತ್ತು. ಕಾಗೆ ಅವಳನ್ನು ನೋಡಿತು, ಅವಳು ಕಾಗೆಯನ್ನು ನೋಡಿದಳು. ಮರುಗಳಿಗೆಗೆ ಗುಂಡುಕಲ್ಲು ಬಿಟ್ಟು ಎದ್ದು ನಿಂತು, ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆಗೆ ಕೇಳುವಂತೆ ಹೇಳಿದಳು:

"ಅತ್ತೆ, ನನಗೆ ಕಾಗೆ ಮುಟ್ಟಿತು."

ಆ ಸೀಮೆಯ ಮನೆಗಳಲ್ಲಿ ಈ ಮಾತಿಗೆ ವಿವರಣೆ ಬೇಕಾಗಿರಲಿಲ್ಲ. ತಿಂಗಳಿಗೊಮ್ಮೆ ಹೆಂಗಸು ಹೊರಗೆ ಕೂತಾಗ, ಅಮ್ಮನನ್ನು ಯಾಕೆ ಮುಟ್ಟಬಾರದು ಎಂದು ಮಕ್ಕಳು ಕೇಳಿದರೆ, ಅಮ್ಮನಿಗೆ ಕಾಗೆ ಮುಟ್ಟಿದೆ ಎನ್ನುವುದು ವಾಡಿಕೆ. ಮಕ್ಕಳಿಗೆಂದು ಹುಟ್ಟಿದ ಮಾತು ದೊಡ್ಡವರಿಗೇ ಹೆಚ್ಚು ಅನುಕೂಲವಾಗಿ ಉಳಿದುಬಿಟ್ಟಿತ್ತು. ಕಾಗೆ ಮುಟ್ಟಿದರೆ ಮೂರು ದಿನ ಅಡುಗೆಯಿಲ್ಲ, ಅರೆಯುವುದಿಲ್ಲ, ನೀರು ಸೇದುವುದಿಲ್ಲ. ಸೌದೆಕೊಟ್ಟಿಗೆಯ ಬದಿಯ ಚಿಕ್ಕ ಕೋಣೆಯಲ್ಲಿ ಒಂದು ಚಾಪೆ, ಒಂದು ಚೆಂಬು. ಊಟ ಬಾಗಿಲಿಗೆ ಬರುತ್ತದೆ.

ಅರ್ಧ ಅರೆದ ಹಿಟ್ಟು ದನದ ಬಾನಿಗೆ ಹೋಯಿತು. ಭಟ್ಟರು ಪರದೆ ಸರಿಸಿ ಇಣುಕಿ, ಹೆಂಡತಿ ಚಾಪೆ ಹಿಡಿದು ಹೊರಟದ್ದನ್ನು ಕಂಡು, ಸೊಂಟಕ್ಕೆ ಬೈರಾಸು ಬಿಗಿದು ಕಲ್ಲಿನ ಮುಂದೆ ಕೂತರು. ಅವರ ಮುಖ ಹುಳಿ ಬಂದ ಹಿಟ್ಟಿನ ಹಾಗೆ ಉಬ್ಬಿತ್ತು.

ನಿಜ ಹೇಳಬೇಕೆಂದರೆ, ವಸುಮತಿಗೆ ಕಾಗೆ ಮುಟ್ಟದೆ ಒಂದು ವರ್ಷ ಕಳೆದಿತ್ತು. ಮೊದಲ ಎರಡು ತಿಂಗಳು ಅವಳಿಗೆ ಹೆದರಿಕೆಯಾಗಿತ್ತು. ಆಮೇಲೆ ಒಂದು ದಿನ, ಹಾಲು ತರುವ ಸುಂದರಿಯ ಕಿವಿಯಲ್ಲಿ ಗುಟ್ಟಾಗಿ ಹೇಳಿದರೆ, ಅವಳು ಹಾಲಿನ ಪಾತ್ರೆ ಕೆಳಗಿಟ್ಟು ನಕ್ಕಿದ್ದಳು.

"ನನ್ನದು ನಿಂತ ವರ್ಷ ನಾನು ಕೋಳಿ ಕೊಯ್ದು ನಾದಿನಿಯರಿಗೆ ಊಟ ಹಾಕಿದ್ದೇನೆ ಅಮ್ಮ. ಇಷ್ಟು ವರ್ಷ ಕರೆಯದೆ ಬರುತ್ತಿದ್ದ ನೆಂಟ ಒಮ್ಮೆ ಹೋದನಲ್ಲ, ಅದಕ್ಕೆ ಯಾರಾದರೂ ಅಳುತ್ತಾರಾ?"

ಮತ್ತೆ ಈ ಬಿಸಿ ಏರುವುದು ಎಂತದ್ದು ಎಂದು ವಸುಮತಿ ಕೇಳಿದ್ದಳು. ಹೊರಟ ನೆಂಟ ಕೂಡಲೇ ಹೋಗುತ್ತಾನಾ, ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಮಾತಾಡುತ್ತಾನೆ, ಅದು ಅಷ್ಟೇ ಎಂದಿದ್ದಳು ಸುಂದರಿ.

ಅಂದಿನಿಂದ ವಸುಮತಿಯ ಹೆದರಿಕೆ ಹೋಯಿತು. ಸೊಂಟದ ನೋವಿಲ್ಲ, ಬಟ್ಟೆಯ ಉಪದ್ರವಿಲ್ಲ, ಮೈ ಹತ್ತಿಯ ಹಾಗೆ ಹಗುರ. ಬಾವಿಯ ಹಗ್ಗ ಎಳೆಯುವಾಗ ಬಾಯಲ್ಲಿ ತಾನಾಗಿ ಹಾಡು ಬರುತ್ತಿತ್ತು. ಒಂದೇ ಒಂದು ಕೊರತೆ, ಆ ಮೂರು ದಿನಗಳದ್ದು. ಕಾಗೆಯೇನೋ ಹೋಯಿತು, ಅದರ ಸಂಗಡ ತನ್ನ ಮೂರು ದಿನ ಯಾಕೆ ಹೋಗಬೇಕು? ಹಾಗೆ ಯೋಚಿಸಿದವಳೇ, ಬಾರದ ಕಾಗೆಯನ್ನು ತಿಂಗಳು ತಿಂಗಳು ತಾನೇ ಕರೆಯತೊಡಗಿದಳು. ಮೊದಮೊದಲು ಪಂಚಾಂಗ ನೋಡಿ ಕರೆಯುತ್ತಿದ್ದಳು. ಅಭ್ಯಾಸವಾದ ಮೇಲೆ ಬೇಸರ ಬಂದಾಗ ಕರೆದಳು. ತಪ್ಪಿದ್ದು ಅಲ್ಲೇ.

ಆ ದಿನ ಚಾಪೆಯ ಮೇಲೆ ಕಾಲು ಚಾಚಿ, ಗಂಡ ಕಲ್ಲು ತಿರುಗಿಸುವ ಗರಗರ ಶಬ್ದವನ್ನು ತಾಳಮದ್ದಳೆ ಕೇಳುವ ಹಾಗೆ ಕೇಳುತ್ತ ಮಲಗಿದ್ದಾಗ, ಆಚೆಮನೆಯ ವೆಂಕಟಲಕ್ಷ್ಮಿ ಅಂಗಳಕ್ಕೆ ಬಂದಳು. ಊರಿನ ಸುದ್ದಿಗಳು ಅವಳ ಬಾಯಲ್ಲಿ ಒಂದು ರಾತ್ರಿ ಉಳಿದ ದಾಖಲೆಯಿಲ್ಲ. ಶಿವಸುಬ್ರಹ್ಮಣ್ಯ ಭಟ್ಟರು ರಾಮೇಶ್ವರಕ್ಕೆ ಜನ ಕರೆದುಕೊಂಡು ಹೋಗುವ ಸಂಗತಿ ಎಲ್ಲರಿಗೂ ಗೊತ್ತಿತ್ತು. ಈಗ ಹೊಸ ಸುದ್ದಿಯೆಂದರೆ, ಹೊರಟವರಲ್ಲಿ ಒಬ್ಬರಿಗೆ ಬರಲಿಕ್ಕಾಗುವುದಿಲ್ಲವಂತೆ, ಟಿಕೇಟು ಬಿದ್ದುಕೊಂಡಿದೆಯಂತೆ, ನಾಳೆ ಬೆಳಿಗ್ಗೆ ಕಾಸರಗೋಡಿನಿಂದ ರೈಲಂತೆ. ಬರುವವರಿದ್ದರೆ ಒಂದು ಕಾಸು ಕೊಡಬೇಕಾಗಿಲ್ಲವಂತೆ.

ವಸುಮತಿ ಚಾಪೆಯಿಂದ ಎದ್ದ ರಭಸಕ್ಕೆ ಚೆಂಬು ಉರುಳಿತು. ಹುಟ್ಟಿ ಐವತ್ತು ವರ್ಷವಾದರೂ ಅವಳು ರೈಲಿನಲ್ಲಿ ಕೂತವಳಲ್ಲ. ರಾಮೇಶ್ವರದ ಹತ್ತಿರ ರೈಲು ಸಮುದ್ರದ ಮೇಲೆಯೇ ಹೋಗುತ್ತದೆಂದು ಹೋಟೆಲಿಗೆ ಬಂದವರು ಯಾರೋ ಹೇಳಿದ್ದನ್ನು ಪರದೆಯ ಹಿಂದೆ ನಿಂತು ಕೇಳಿದ್ದಳು. ಆ ದಿನದಿಂದ ಅವಳಿಗೆ ಒಂದೇ ಆಸೆ. ಕಿಟಕಿಯ ಬದಿ ಕೂತು, ಕೈಯಲ್ಲಿ ಎಂತ ಕೆಲಸವೂ ಇಲ್ಲದೆ, ಕೆಳಗೆ ನೀರು ನೋಡುತ್ತ ಹೋಗಬೇಕು.

"ನಾನು ಹೋಗುತ್ತೇನೆ" ಎಂದಳು.

"ನೀವು ಹೇಗೆ ಹೋಗುವುದು ಅಕ್ಕ?" ಎಂದಳು ವೆಂಕಟಲಕ್ಷ್ಮಿ. "ನೀವು ಹೊರಗಲ್ಲವಾ?"

ವಸುಮತಿಗೆ ತಾನು ಎಲ್ಲಿ ನಿಂತಿದ್ದೇನೆಂಬುದು ಆಗ ನೆನಪಾಯಿತು. ತಾನೇ ಹೆಣೆದ ಬಲೆಯಲ್ಲಿ ಮೀನಾದ ಹಾಗಾಯಿತು ಅವಳ ಸ್ಥಿತಿ. ಕಾಗೆ ಮುಟ್ಟಲಿಲ್ಲ ಅಂತ ಕಾಣುತ್ತದೆ, ಸೀರೆಗೆ ಬಿದ್ದದ್ದು ಎಲೆಯಡಿಕೆಯ ರಸ ಇರಬೇಕು, ನನಗೇ ತಪ್ಪು ತಿಳಿಯಿತು ಎಂದಳು. ಜಗಲಿಯಿಂದ ಅತ್ತೆ ಪರಮೇಶ್ವರಿಯಮ್ಮ ಬತ್ತಿ ಹೊಸೆಯುವುದು ನಿಲ್ಲಿಸದೆ, ಬೆಳಗಿನಿಂದ ನೀನು ಎಲೆ ಹಾಕಿದ್ದೇ ಇಲ್ಲವಲ್ಲ ಎಂದರು.

ವೆಂಕಟಲಕ್ಷ್ಮಿಯ ತಲೆ ಬೇರೆ ದಾರಿ ಹಿಡಿದಿತ್ತು. ಅವಳು ಬೆರಳು ಮಡಚುತ್ತಿದ್ದಳು. ಹೋದ ಏಕಾದಶಿಯ ಮರುದಿನ ತಾನು ಹುಣಸೆಹುಳಿ ಕೇಳಲು ಬಂದಾಗಲೂ ವಸುಮತಿಯಕ್ಕ ಇದೇ ಕೋಣೆಯಲ್ಲಿದ್ದಳು. ಇನ್ನೂ ಮುಂದಿನ ಏಕಾದಶಿ ಬಂದಿಲ್ಲ. ಅಂದರೆ ಇದು ಕಾಗೆಯಲ್ಲ, ಕಾಯಿಲೆ. ಈ ಪ್ರಾಯದಲ್ಲಿ ಹೀಗಾಗಿಯೇ ತನ್ನ ದೊಡ್ಡಮ್ಮ ಹಾಸಿಗೆ ಹಿಡಿದದ್ದು. ಇಷ್ಟು ಹೇಳಿ ಅವಳು ನೇರ ಹೋಟೆಲಿಗೆ ನಡೆದಳು. ಅಲ್ಲಿ ಭಟ್ಟರಿಗೆ ಗುಟ್ಟಿನಲ್ಲಿ ಸುದ್ದಿ ಮುಟ್ಟಿಸಿದಳು. ಅವಳ ಗುಟ್ಟು ಆಚೆಯೂರು ಚೆರ್ಕಳದವರೆಗೆ ಕೇಳಿಸುವಂಥದು. ಬನ್ಸು ತಿನ್ನುತ್ತಿದ್ದ ಗಿರಾಕಿಗಳೆಲ್ಲ ಕೈ ತಡೆದು ಕೂತರು.

ಭಟ್ಟರು ಹಿಟ್ಟಿನ ಕೈಯಲ್ಲೇ ಓಡಿದರು. ಓಡಿ ಊರ ವೈದ್ಯ ಮಹಾಲಿಂಗ ಪಂಡಿತರನ್ನು ಕರೆತಂದರು. ಪಂಡಿತರು ಕೋಣೆಯ ಹೊಸ್ತಿಲಾಚೆ ಕೂತು, ರೋಗಿಯನ್ನು ಮುಟ್ಟದೆಯೇ, ದೂರದಿಂದ ಅವಳ ಮುಖ ನೋಡಿದರು. ವಸುಮತಿಗೆ ಅದೇ ಹೊತ್ತಿಗೆ ಬಿಸಿ ಏರಬೇಕೆ! ಕೆಂಪಾದ ಕೆನ್ನೆ, ಹರಿಯುವ ಬೆವರು. ಪಂಡಿತರು ತಲೆಯಾಡಿಸಿ, ರಕ್ತ ಕುದಿಯುತ್ತಾ ಉಂಟು ಎಂದರು. ದಿನಕ್ಕೆ ಮೂರು ಹೊತ್ತು ಕಹಿ ಕಷಾಯ, ಎರಡು ತಿಂಗಳು ಹಾಸಿಗೆ, ಒಲೆಯ ಹತ್ತಿರ ಸುಳಿಯಬಾರದು.

ಎರಡು ತಿಂಗಳು ಹಾಸಿಗೆ ಎಂಬಲ್ಲಿ ವಸುಮತಿಯ ಕಣ್ಣು ಸ್ವಲ್ಪ ಅರಳಿದ್ದು ಸುಳ್ಳಲ್ಲ. ಆದರೆ ಪಂಡಿತರು ಅಲ್ಲಿಗೇ ನಿಲ್ಲಿಸಲಿಲ್ಲ. ಕಾಫಿ ಕೂಡದು ಎಂದರು. ಪ್ರಯಾಣ ಕೂಡದೇ ಕೂಡದು, ರೈಲಂತೂ ವಿಷ ಎಂದರು. ಭಟ್ಟರು ಬಾಗಿಲ ಹೊರಗೆ ನಿಂತು ಬೈರಾಸಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಉದ್ದಿನ ಹಿಟ್ಟು ಹುಬ್ಬಿಗೆಲ್ಲ ಅಂಟಿತ್ತು. ಅದನ್ನು ನೋಡಿ ವಸುಮತಿಗೆ ತಡೆಯಲಿಲ್ಲ.

"ನನಗೆ ಎಂತ ರೋಗವೂ ಇಲ್ಲ" ಎಂದಳು. "ನನಗೆ ಕಾಗೆ ಮುಟ್ಟುವುದು ನಿಂತು ವರ್ಷ ಮೇಲಾಯಿತು. ಇಷ್ಟು ಸುಖ ನನಗೆ ಮದುವೆಯ ಮೊದಲೂ ಇರಲಿಲ್ಲ. ಕೋಣೆಗೆ ಬಂದು ಕೂರುವುದು ಬೆನ್ನು ನೆಲಕ್ಕೆ ತಾಗಲಿ ಅಂತ."

ಹೋಟೆಲಿನಲ್ಲಿ ಒಂದು ಲೋಟ ಬಿದ್ದ ಶಬ್ದ ಕೇಳಿಸಿತು. ಪಂಡಿತರು ಕಷಾಯದ ಗಂಟು ಕಟ್ಟಿಕೊಂಡು, ದಾಕ್ಷಿಣ್ಯಕ್ಕೂ ನಿಲ್ಲದೆ ಎದ್ದರು. ಆಗ ಪರಮೇಶ್ವರಿಯಮ್ಮ ಬತ್ತಿಯ ಬಟ್ಟಲು ಬದಿಗಿಟ್ಟು ಮೆಲ್ಲನೆ ಬಂದು ಸೊಸೆಯ ಎದುರು ನಿಂತರು.

"ನನ್ನದು ನಿಂತದ್ದು ನಲವತ್ತೆಂಟಕ್ಕೆ" ಎಂದರು. "ಈ ಕೋಣೆ ಬಿಟ್ಟದ್ದು ಅರುವತ್ತು ಕಳೆದ ಮೇಲೆ. ಅದೂ ನಿನ್ನ ಮಾವ, ಇವಳಿಗೆ ಬರುವ ಕಾಗೆಗೆ ಪ್ರಾಯ ಆಗುವುದಿಲ್ಲವಾ ಅಂತ ಕೇಳಿದ ಕಾರಣ. ಸುಳ್ಳು ಹೇಳಿದ್ದಕ್ಕೆ ನನಗೆ ಬೇಸರ ಇಲ್ಲ. ಬಾಯಿ ಬಿಟ್ಟೆಯಲ್ಲ, ಅಷ್ಟೂ ಬುದ್ಧಿ ಬೇಡವಾ ನಿನಗೆ?"

ಭಟ್ಟರು ತಾಯಿಯ ಮುಖ, ಹೆಂಡತಿಯ ಮುಖ ನೋಡಿದರು. ಎಳೆಯ ಪ್ರಾಯದಿಂದ ತಾವು ಅರೆದ ಉದ್ದಿನ ಲೆಕ್ಕ ಅವರ ಮನಸ್ಸಿನಲ್ಲಿ ಹಾದುಹೋಗಿರಬೇಕು. ಪುನಃ ಹೋಗಿ ಕಲ್ಲಿನ ಮುಂದೆ ಕೂತರು.

ವಸುಮತಿ ತಲೆಗೆ ಮಿಂದು ಇಸ್ತ್ರಿಯ ಸೀರೆ ಉಟ್ಟಳು. ಸಮಾಧಾನದಲ್ಲಿ ಒಂದು ದೊಡ್ಡ ಲೋಟ ಕಾಫಿ ಕುಡಿದಳು. ಅಡಗಿಸಿಟ್ಟದ್ದು ಹೊರಗೆ ಬಿದ್ದ ಮೇಲೆ ಎದೆಯ ಮೇಲಿನ ಕಲ್ಲು ಸರಿದಂತಾಗಿತ್ತು. ಸುದ್ದಿ ತಿಳಿದು ಆಚೀಚೆ ಮನೆಯ ಹೆಂಗಸರು, ನಲವತ್ತೈದರ ಆಚೆಯವರು, ಸಕ್ಕರೆ ಕೇಳುವ ನೆಪದಲ್ಲಿ ಒಬ್ಬೊಬ್ಬರಾಗಿ ಹಿಂಬಾಗಿಲಿಗೆ ಬಂದರು. ತಲೆ ತಿರುಗುತ್ತದಾ, ನಿದ್ದೆ ಬರುತ್ತದಾ ಎಂದು ಪಿಸುಗುಟ್ಟಿ ಕೇಳಿದರು. ಅವಳು ಎಲ್ಲರಿಗೂ ಗಟ್ಟಿಯಾಗಿಯೇ ಉತ್ತರಿಸಿದಳು. ಹೆದರಲಿಕ್ಕೆ ಎಂತದ್ದೂ ಇಲ್ಲ, ಬಿಸಿ ಏರಿದರೆ ಬೀಸಣಿಗೆ ಹಿಡಿಯಿರಿ, ಸಿಟ್ಟು ಬಂದರೆ ಗಂಡನನ್ನು ಹಿಡಿಯಿರಿ, ಮಿಕ್ಕದ್ದೆಲ್ಲ ಹಬ್ಬ ಎಂದಳು. ಸಂಜೆಯ ಹಾಲು ತಂದ ಸುಂದರಿ ಬಾಗಿಲಲ್ಲೇ ನಿಂತು, ಇವತ್ತಿನ ಹಾಲು ಪಾಯಸಕ್ಕೆ, ನನ್ನ ಲೆಕ್ಕದಲ್ಲಿ ಎಂದಳು. ಹಿಂಬಾಗಿಲಲ್ಲಿ ಅಷ್ಟು ನಗು ಆ ಮನೆ ಕಟ್ಟಿದ ಮೇಲೆ ಕೇಳಿದ್ದಿಲ್ಲ.

ಪಾಯಸ ಇನ್ನೂ ಒಲೆಯಲ್ಲಿರುವಾಗ ಶಿವಸುಬ್ರಹ್ಮಣ್ಯ ಭಟ್ಟರು ಬಂದರು. ಹಿಂದೆ ಒಬ್ಬ ಆಳು, ಅವನ ತಲೆಯ ಮೇಲೆ ಅಡುಗೆಯ ದೊಡ್ಡ ಉರುಳಿ. ಉರುಳಿಯೊಳಗೆ ಸೌಟು, ಜಾಲರಿ, ತುರಿಮಣೆ.

"ದೇವರ ಹಾಗೆ ಸಿಕ್ಕಿದಿರಿ ವಸುಮತಿಯಮ್ಮ" ಎಂದರು. "ಬೆಳಿಗ್ಗೆ ಬಿಟ್ಟುಹೋದವಳು ಎಂದರೆ ನಮ್ಮ ಅಡುಗೆಯವಳೇ. ಹೊರಡುವ ಹೊತ್ತಿಗೆ ಅವಳಿಗೆ ಕಾಗೆ ಮುಟ್ಟಿತು. ಎಲ್ಲರೂ ಮಡಿಯವರು, ಕಂಡಲ್ಲಿ ಉಣ್ಣುವುದಿಲ್ಲ. ಕಾಗೆಯ ಭಯ ಇಲ್ಲದ ಹೆಂಗಸು ಬೇಕು ಅಂತ ಬೆಳಗಿನಿಂದ ಮನೆ ಮನೆ ತಿರುಗಿದೆ. ಎಂತಹ ಪ್ರಾಯದವರೂ ಒಪ್ಪಲಿಲ್ಲ ಮಾರಾಯ್ರೆ, ಎಲ್ಲರಿಗೂ ಕಾಗೆ ಉಂಟಂತೆ. ನೀವೊಬ್ಬರು ಊರಿಗೇ ಕೇಳುವ ಹಾಗೆ ಹೇಳಿದಿರಿ."

ವಸುಮತಿ ಉರುಳಿಯನ್ನೇ ನೋಡುತ್ತ, ಸಮುದ್ರದ ಮೇಲೆ ರೈಲು ಹೋಗುವುದು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಬೆಳಗಿನ ಜಾವ ಕಳೆದು ಸ್ವಲ್ಪ ಹೊತ್ತಿಗೆ ಎಂದರು ಶಿವಸುಬ್ರಹ್ಮಣ್ಯ ಭಟ್ಟರು. ಸರಿಯಾಗಿ ಆಗಲೇ ಎಲ್ಲರ ಅವಲಕ್ಕಿ ಕಲಸಿ ಆಗಬೇಕು, ಇಳಿದ ಮೇಲೆ ಪುರುಸೊತ್ತಿಲ್ಲ. ಮತ್ತೆ ಅಷ್ಟರಲ್ಲೇ ನೆನಪು ಮಾಡಿಕೊಂಡು, ಯಾತ್ರೆಯಿಂದ ಬಂದ ಮೇಲೆ ದೇವಸ್ಥಾನದ ಅಡುಗೆಗೂ ನಿಮ್ಮನ್ನೇ ಹೇಳಿಯಾಯಿತು, ತಿಂಗಳಲ್ಲಿ ಒಂದು ದಿನವೂ ತಡೆಯಿಲ್ಲವಲ್ಲ ಎಂದರು. ಬಾಗಿಲ ಸಂದಿಯಿಂದ ವೆಂಕಟಲಕ್ಷ್ಮಿ, ಮಗಳು ಹೊರಗೆ ಕೂರುವಾಗ ನಮ್ಮ ಮನೆಗೂ ಒಂದಿಷ್ಟು ಬನ್ನಿ ಅಕ್ಕ ಎಂದಳು.

ವಸುಮತಿಗೆ ತಪ್ಪಿಸಿಕೊಳ್ಳಲು ಇನ್ನು ಒಂದು ಕಾಗೆಯೂ ಉಳಿದಿರಲಿಲ್ಲ. ಅಂಗಳದಾಚೆ ನೋಡಿದರೆ, ಪರಮೇಶ್ವರಿಯಮ್ಮ ಖಾಲಿಯಾದ ಕೋಣೆಗೆ ತನ್ನ ಚಾಪೆ ಹಾಸಿಕೊಳ್ಳುತ್ತಿದ್ದರು.

ಟ್ರಂಕಿಗೆ ಸೀರೆ ತುಂಬುವ ಮೊದಲು ವಸುಮತಿ ಒಂದು ಕಾರ್ಡು ತೆಗೆದುಕೊಂಡು ಕೂತಳು. ಪುತ್ತೂರಿನ ತಂಗಿ ಐದಾರು ತಿಂಗಳ ಹಿಂದೆ ಬರೆದಿದ್ದಳು: ಕಾಗೆ ಬರುವುದು ನಿಂತ ಹಾಗೆ ಕಾಣುತ್ತದೆ, ಮನೆಯವರಿಗೆ ಹೇಳಲಾ ಅಕ್ಕ, ಹೇಗೆ ಹೇಳಲಿ? ನಿಜ ಬರೆಯಲೋ ಸುಳ್ಳು ಬರೆಯಲೋ ತಿಳಿಯದೆ ವಸುಮತಿ ಉತ್ತರವನ್ನು ನಾಳೆ ನಾಳೆ ಎಂದು ತಳ್ಳುತ್ತಲೇ ಇದ್ದಳು. ಇವತ್ತು ಕೈ ತಡೆಯಲಿಲ್ಲ. ಅಕ್ಷರ ದೊಡ್ಡದಾಗಿ, ಒತ್ತಿ ಬರೆದಳು:

"ನಿಂತರೆ ಸಂತೋಷ ಪಡು. ಹೆದರಬೇಡ, ಇಷ್ಟು ಒಳ್ಳೆಯ ಕಾಲ ಬೇರೆ ಇಲ್ಲ. ಪಾಯಸ ಮಾಡಿ ಉಣ್ಣು. ಆದರೆ ಯಾಕೆ ಪಾಯಸ ಅಂತ ಕೇಳಿದವರಿಗೆ ಎಂತದ್ದೂ ಹೇಳಬೇಡ."

ಪೇಟೆಯಲ್ಲಿ ಕೊನೆಯ ಬಸ್ಸು ಹಾರ್ನು ಹಾಕುತ್ತಿತ್ತು. ವಸುಮತಿ ಗೋಣಿಯ ಪರದೆ ಸರಿಸಿ, ಹೋಟೆಲಿನ ನಡುವೆಯೇ ನಡೆದು ರಸ್ತೆಗಿಳಿದಳು. ಹೊರಟ ಬಸ್ಸಿನ ಕಿಟಕಿಗೆ ಕೈಯೆತ್ತಿ, ಟಪ್ಪಾಲು ಚೀಲ ಹಿಡಿದು ಕೂತವನ ಕೈಯಲ್ಲಿ ಕಾರ್ಡನ್ನಿಟ್ಟಳು.