ಮೋಡಕ್ಕೊಂದು ಕಪ್ಪು ಚುಕ್ಕೆ

ಕಲೆ ಎಂದರೇನೆಂದು ಕೋಥರೂಡ ಬಡಾವಣೆಯ ನಮ್ಮ ವಸತಿ ಸೊಸೈಟಿಗೆ ನಾನೇ ಕಲಿಸಬೇಕು ಎಂದು ಪಣ ತೊಟ್ಟೆ. ಎಲ್ಲರ ಹಾಲಿನ ಗೋಡೆಯ ಮೇಲೂ ಅವೇ ಏಳು ಬಿಳಿ ಕುದುರೆಗಳು ಓಡುತ್ತಿರುತ್ತವೆ. ನನ್ನ ಗೋಡೆಯ ಮೇಲೆ ಸರ್ರಿಯಲಿಸಂ, ಅಂದರೆ ಕನಸಿನಂಥ ವಿಚಿತ್ರ ಚಿತ್ರಕಲೆ, ರಾರಾಜಿಸಬೇಕು! ಅದೂ ಅಲ್ಲದೆ ತಿಂಗಳ ಕೊನೆಯ ಭಾನುವಾರ ನಮ್ಮ ಮ್ಯಾನೇಜರ್ ಮನೋಹರ ಸರ್ ಊಟಕ್ಕೆ ಬರುವವರಿದ್ದರು. ಅವರಿಗೆ ಚಿತ್ರಕಲೆಯ ಹುಚ್ಚು, ನನಗೆ ಪ್ರಮೋಶನ್ ಹುಚ್ಚು.

'ಮ್ಯೂಸಿಯಂ ಗುಣಮಟ್ಟದ ಪ್ರತಿ' ಎಂಬ ಜಾಹೀರಾತು ನಂಬಿ ಆನ್‌ಲೈನಿನಲ್ಲಿ ಒಂದು ಚಿತ್ರ ತರಿಸಿದೆ. ಸೂಟು ತೊಟ್ಟು, ಟೈ ಕಟ್ಟಿ, ಬ್ಯಾಗು ಹಿಡಿದ ಒಬ್ಬ ಗೃಹಸ್ಥ. ತಲೆ ಇರಬೇಕಾದಲ್ಲಿ ಒಂದು ಬಿಳಿ ಮೋಡ. ಜೊತೆಗೆ 'ಬೆರಳು ತಾಗಿಸಬೇಡಿ' ಎಂಬ ಚೀಟಿ.

ಹೆಂಡತಿ ಶಿವಕಾಂತಾ ದಿಟ್ಟಿಸಿ ನೋಡಿದಳು. "ರೊಕ್ಕ ಪೂರ್ತಿ ಕೊಟ್ಟೀರೇನ್ರೀ?"

"ಹೌದು."

"ಮತ್ತ ತಲಿ ಯಾಕ ಕಳಿಸಿಲ್ಲ?"

ಸಂಜೆ ಸೊಸೈಟಿಯ ಮಂದಿಯೆಲ್ಲ ಬಂದು ನೋಡಿಹೋದರು. ಮರುದಿನ ಬೆಳಿಗ್ಗೆ ನೋಡಿದರೆ ಮೋಡದ ಬಲಬದಿಗೆ ಕಡಲೆಕಾಳಿನಷ್ಟು ಕಪ್ಪು ಚುಕ್ಕೆ! ಖಂಡಿತ ನಕಲಿ ಮಾಲು, ಮಸಿ ಹರಡಿದೆ. ಫೋನಿನಲ್ಲಿ ಗುಡುಗಿದ್ದಕ್ಕೆ ಕಂಪನಿಯವರು ಬದಲಿ ಚಿತ್ರ ಕಳಿಸಿದರು. ಭೂತಗನ್ನಡಿ ಹಿಡಿದು ಮೂಲೆಮೂಲೆ ಜಾಲಾಡಿದ ಮೇಲೆಯೇ ಗೋಡೆಗೆ ಹಾಕಿದೆ. ಬೆಳಗಾದರೆ ಅದೇ ಜಾಗ, ಅದೇ ಚುಕ್ಕೆ.

ಈಗ ಕಂಡಕಂಡವರ ಮೇಲೆಲ್ಲ ಸಂಶಯ. ಕಂಪನಿಯವರು ಹಳೆಯದನ್ನೇ ಒರೆಸಿ ಕಳಿಸಿದರೇ? ಎದುರುಮನೆಯ ಅವಧೂತರಾವ್ ಹೊಟ್ಟೆಕಿಚ್ಚಿಗೆ ಪೆನ್ನು ಚುಚ್ಚಿದರೇ? ಶಿವಕಾಂತಾಳನ್ನೂ ಓರೆಗಣ್ಣಿನಲ್ಲಿ ನೋಡಿದೆ.

"ಹಂಗ್ಯಾಕ ನೋಡ್ತೀರಿ? ನಿಮ್ಮ ಮಾರಾಯನ್ನ ನಾ ಮುಟ್ಟಿಲ್ಲ" ಎಂದಳು.

ತಪ್ಪು ಮಾಡದವರು ಇಷ್ಟು ಬೇಗ ಉತ್ತರ ಕೊಡುತ್ತಾರೆಯೇ? ಕಲಬುರಗಿಯಿಂದ ಬಂದಿದ್ದ ಅತ್ತೆ ರುದ್ರವ್ವನವರ ಮೇಲೆ ಮಾತ್ರ ಸಂಶಯ ಬರಲಿಲ್ಲ. ಚಿತ್ರವನ್ನು ಪ್ರೀತಿಯಿಂದ ನೋಡುತ್ತಿದ್ದವರು ಮನೆಯಲ್ಲಿ ಅವರೊಬ್ಬರೇ.

ಭಾನುವಾರ ಬಂತು, ಮನೋಹರ ಸರ್ ಬಂದರು. ಚಿತ್ರದ ಮುಂದೆ ನಿಂತು ಹುಬ್ಬು ಗಂಟಿಕ್ಕಿದರು. "ಇದೇನ್ರೀ ಚುಕ್ಕಿ?"

"ಮೋಸ ಸರ್, ಹಾಡಹಗಲ ದರೋಡಿ. ಕಂಪನಿಯವರನ್ನ ಕೋರ್ಟಿಗೆ ಎಳೀತೀನಿ."

ಅಡುಗೆಮನೆಯಿಂದ ಅತ್ತೆ ಓಡಿಬಂದರು. "ಕೋರ್ಟ್ ಯಾಕ್ರಿ ಅಳಿಯಂದ್ರ? ಕಾಡಿಗಿ ಬೊಟ್ಟು ನಾನ ಇಟ್ಟೀನಿ. ಬಂದ ಮಂದಿ ಎಲ್ಲಾ ಕಣ್ಣು ಬಿಟ್ಟು ನೋಡ್ತಿದ್ರು. ದೃಷ್ಟಿ ಆಗಬಾರದಲ್ಲ."

ನಾನು ರೇಗಿದೆ. "ಅವನ್ಯಾವನೋ ಚಿತ್ರದಾಗಿನವಗ ದೃಷ್ಟಿ ಆದ್ರ ನಿಮಗೇನ್ರಿ?"

ಅತ್ತೆ ಗಾಬರಿಯಾದರು. "ಅವನ್ಯಾವನೋ? ಸೂಟು ಬೂಟು, ಕೈಯಾಗ ಆಫೀಸಿನ ಚೀಲ, ಮ್ಯಾಲ ತಲಿ ಜಾಗಾ ಖಾಲಿ... ನಾ ನಿಮ್ಮ ಫೋಟೋ ಅಂತ ತಿಳಿದಿದ್ದೆ."

ಮನೋಹರ ಸರ್ ಒಮ್ಮೆ ಚಿತ್ರ ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಕಲಾವಿದ ಥೇಟ್ ನಿಮ್ಮಂಗ ತೆಗೆದಾನ್ರೀ" ಎಂದರು.